ಸರ್ವರ್‌ಗೆ ಯಾವ ಲಿನಕ್ಸ್ ಹಾಕ್ಬೇಕು: ಹೆಸರು ಕೊನೆಗೆ, ಕೆಲಸ ಮೊದಲು

ಸರ್ವರ್‌ಗೆ ಯಾವ ಡಿಸ್ಟ್ರೋ (ಡೆಬಿಯನ್, ಉಬುಂಟು ಥರ ಲಿನಕ್ಸ್‌ನ ಒಂದೊಂದು ರೂಪ) ಹಾಕ್ಲಿ ಅಂತ ಕೇಳ್ಕೊಂಡು ಹೋದವರು ಆರು ತಿಂಗಳು ಬಿಟ್ಟು ವಾಪಸ್ ಬಂದಾಗ ಹೇಳೋ ಕಷ್ಟ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಅಪ್‌ಡೇಟ್ ಬರ್ತಾ ಇಲ್ಲ, ಅಥವಾ ನಮ್ಮ ಅಪ್ಲಿಕೇಶನ್‌ಗೆ ಬೇಕಾದ ಪಿಎಚ್‌ಪಿ (ವೆಬ್‌ಸೈಟ್ ಬರೆಯೋ ಭಾಷೆ) ವರ್ಷನ್ ಇದ್ರಲ್ಲಿ ಸಿಗಲ್ಲ, ಇಲ್ಲಾಂದ್ರೆ ದುಡ್ಡು ಕೊಟ್ಟು ತಗೊಂಡ ಸಾಫ್ಟ್‌ವೇರ್‌ನವರು ಈ ಓಎಸ್ ಮೇಲೆ ಸಪೋರ್ಟ್ ಕೊಡಲ್ಲ ಅಂದ್ಬಿಟ್ರು. ಮೂರಕ್ಕೂ ಕಾರಣ ಒಂದೇ, ಮೊದಲು ಡಿಸ್ಟ್ರೋ ಹೆಸರು ಆರಿಸ್ಕೊಂಡು ಆಮೇಲೆ ಕೆಲಸನ ಅದಕ್ಕೆ ಹೊಂದಿಸೋಕೆ ಹೋಗಿರ್ತಾರೆ. ಕೆಳಗಿನ ಹಂತಗಳನ್ನ ಇದೇ ಆರ್ಡರ್‌ನಲ್ಲಿ ಮಾಡಿ, ಹಿಂದೆ ಮುಂದೆ ಮಾಡ್ಬೇಡಿ, ಯಾಕಂದ್ರೆ ಒಂದೊಂದು ಹಂತದಲ್ಲೂ ಕೆಲವು ಹೆಸರು ತಾನಾಗೇ ಉದುರಿ ಹೋಗುತ್ತೆ, ಕೊನೆಗೆ ಎರಡೇ ಉಳಿಯುತ್ತೆ.

ಶುರು ಮಾಡೋ ಮುಂಚೆ ಏನೇನು ಬೇಕು

ಒಂದು ಹಾಳೆ ಅಥವಾ ಸ್ಪ್ರೆಡ್‌ಶೀಟ್. ಹಾಕಿ ತೆಗೆದು ಬಿಸಾಡೋಕೆ ಆಗೋ ಎರಡು ವರ್ಚುವಲ್ ಮಷಿನ್ (ವಿಎಂ, ಅಂದ್ರೆ ಒಂದು ಕಂಪ್ಯೂಟರ್ ಒಳಗೇ ಓಡೋ ಇನ್ನೊಂದು ಕಂಪ್ಯೂಟರ್), ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇದ್ರೂ ಸಾಕು. ನಿಜವಾದ ಸರ್ವರ್‌ನ ಕನ್ಸೋಲ್ ಆಕ್ಸೆಸ್, ಅಂದ್ರೆ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ದೂರದಿಂದ ಲಾಗಿನ್ ಆಗೋದು) ಕೈಕೊಟ್ರೂ ಒಳಗೆ ಹೋಗೋ ದಾರಿ. ಮತ್ತೆ ಈಗಾಗ್ಲೇ ಓಡ್ತಿರೋ ಸರ್ವರ್ ಇದ್ರೆ ಅದರ ಬ್ಯಾಕಪ್, ಬರೀ ತಗೊಂಡಿರೋದಲ್ಲ, ಒಂದ್ಸಲ ರಿಸ್ಟೋರ್ ಮಾಡಿ ನೋಡಿರೋದು.

ಹಂತ 1: ಸರ್ವರ್ ಮಾಡೋ ಕೆಲಸ ಬರೆದಿಡಿ

ಸರ್ವರ್ ಮೇಲೆ ಏನೇನು ಓಡ್ಬೇಕು ಅಂತ ಒಂದೊಂದಾಗಿ ಬರೀರಿ, ಪಕ್ಕದಲ್ಲಿ ವರ್ಷನ್ ಬರೀರಿ. "ಪೈಥಾನ್ ಬೇಕು" ಅಂತ ಬರೆದ್ರೆ ಪ್ರಯೋಜನ ಇಲ್ಲ, "ಪೈಥಾನ್ 3.11 ಅಥವಾ ಮೇಲೆ" ಅಂತ ಬರೀಬೇಕು. ಡೇಟಾಬೇಸ್, ವೆಬ್ ಸರ್ವರ್, ಬ್ಯಾಕಪ್ ಏಜೆಂಟ್, ಮಾನಿಟರಿಂಗ್ ಏಜೆಂಟ್ (ಹಿನ್ನೆಲೆಯಲ್ಲಿ ಓಡೋ ಸಹಾಯಕ ಪ್ರೋಗ್ರಾಂ), ಎಲ್ಲಾನೂ ಸೇರ್ಸಿ. ಏಜೆಂಟ್‌ಗಳನ್ನ ಮರೆಯೋರೇ ಜಾಸ್ತಿ, ಆಮೇಲೆ ಅಪ್ಲಿಕೇಶನ್ ಚೆನ್ನಾಗಿ ಓಡ್ತಿರುತ್ತೆ ಆದ್ರೆ ಬ್ಯಾಕಪ್ ಸಾಫ್ಟ್‌ವೇರ್ ಆ ಕರ್ನಲ್ (ಲಿನಕ್ಸ್‌ನ ತಿರುಳು) ಮೇಲೆ ಇನ್‌ಸ್ಟಾಲೇ ಆಗಲ್ಲ.

ಇದರಲ್ಲಿ ದುಡ್ಡು ಕೊಟ್ಟು ತಗೊಂಡಿರೋ ಸಾಫ್ಟ್‌ವೇರ್ ಯಾವುದಾದ್ರೂ ಇದ್ಯಾ ನೋಡಿ. ಇದ್ರೆ ಆಯ್ಕೆ ಅಲ್ಲೇ ಅರ್ಧ ಮುಗೀತು. ಒರಾಕಲ್ ಡೇಟಾಬೇಸ್ ಅಂದ್ರೆ ರೆಡ್ ಹ್ಯಾಟ್ (ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್), ಒರಾಕಲ್ ಲಿನಕ್ಸ್, ಸೂಸೆ, ಅಷ್ಟೆ, ಡೆಬಿಯನ್ ಉಬುಂಟು ಮೇಲೆ ಹೇಗೋ ಹಾಕ್ಬೋದು ಆದ್ರೆ ತೊಂದ್ರೆ ಬಂದಾಗ ಅವರು ನೋಡಲ್ಲ. ಎಸ್‌ಎಪಿ (ಕಂಪನಿಗಳ ವ್ಯವಹಾರ ನೋಡ್ಕೊಳ್ಳೋ ಸಾಫ್ಟ್‌ವೇರ್) ಅಂದ್ರೆ ಸೂಸೆ ಅಥವಾ ರೆಡ್ ಹ್ಯಾಟ್. ಮೈಕ್ರೋಸಾಫ್ಟ್ ಎಸ್‌ಕ್ಯುಎಲ್ ಸರ್ವರ್ ಆದ್ರೆ ರೆಡ್ ಹ್ಯಾಟ್, ಉಬುಂಟು, ಅದರ 2022 ವರ್ಷನ್‌ವರೆಗೆ ಸೂಸೆ ಕೂಡ. ಆ ಸಾಫ್ಟ್‌ವೇರ್‌ನವರ ಸಪೋರ್ಟ್ ಲಿಸ್ಟಲ್ಲಿ ಬರೀ ಡಿಸ್ಟ್ರೋ ಹೆಸರು ನೋಡಿ ನಿಲ್ಲಿಸ್ಬೇಡಿ, ಯಾವ ವರ್ಷನ್ ಅಂತಾನೂ ನೋಡಿ, ಉಬುಂಟು ಅಂತ ಇರುತ್ತೆ ಆದ್ರೆ ನೀವು ಹಾಕ್ಬೇಕು ಅಂದ್ಕೊಂಡಿರೋ ಹೊಸ ಎಲ್‌ಟಿಎಸ್ (ಜಾಸ್ತಿ ವರ್ಷ ಸಪೋರ್ಟ್ ಇರೋ ವರ್ಷನ್) ಆ ಲಿಸ್ಟಿಗೆ ಇನ್ನೂ ಸೇರಿರಲ್ಲ.

ಅಪ್ಲಿಕೇಶನ್ ಎಲ್ಲಾ ಕಂಟೇನರ್ (ಅಪ್ಲಿಕೇಶನ್ ಮತ್ತು ಅದಕ್ಕೆ ಬೇಕಾದ್ದೆಲ್ಲ ಸೇರಿಸಿ ಕಟ್ಟಿದ ಡಬ್ಬಿ) ಒಳಗೇ ಓಡುತ್ತೆ ಅಂದ್ರೆ ಲೆಕ್ಕ ಸ್ವಲ್ಪ ಬದಲಾಗುತ್ತೆ. ಆಗ ಭಾಷೆಗಳ ವರ್ಷನ್ ತಲೆನೋವು ಹೊರಗಿನ ಓಎಸ್‌ಗೆ ಇಲ್ಲ, ಅದ್ರಿಂದ ನಿಮಗೆ ಬೇಕಾಗಿರೋದು ಕರ್ನಲ್, ಸೆಕ್ಯುರಿಟಿ ಅಪ್‌ಡೇಟ್, ಉದ್ದ ಆಯುಷ್ಯ, ಇಷ್ಟೇ.

ಹಂತ 2: ಕೊನೇ ದಿನಾಂಕ ಲೆಕ್ಕ ಹಾಕಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ಜನ ಹಾರಿಸೋದೂ ಇದನ್ನೇ. ಈ ಸರ್ವರ್ ಎಷ್ಟು ವರ್ಷ ಇರ್ಬೇಕು ಅಂತ ಬರೀರಿ, ಅದಕ್ಕೆ ಒಂದು ವರ್ಷ ಸೇರ್ಸಿ, ಯಾಕಂದ್ರೆ ತೆಗೀತೀವಿ ಅಂದ ದಿನಕ್ಕೆ ಯಾವ ಸರ್ವರನ್ನೂ ಯಾರೂ ತೆಗೆಯಲ್ಲ. ಅಷ್ಟು ದಿನ ಸೆಕ್ಯುರಿಟಿ ಅಪ್‌ಡೇಟ್ ಸಿಗದ ಹೆಸರುಗಳನ್ನ ಹೊಡೆದು ಹಾಕಿ.

ಸಪೋರ್ಟ್ ಕಾಲ ಲೆಕ್ಕ ಆಗೋದು ಆ ವರ್ಷನ್ ಬಿಡುಗಡೆ ಆದ ದಿನದಿಂದ, ನೀವು ಹಾಕಿದ ದಿನದಿಂದ ಅಲ್ಲ. ರೆಡ್ ಹ್ಯಾಟ್ 9 ಬಂದಿದ್ದು 2022ರ ಮೇ ತಿಂಗಳಲ್ಲಿ, 10 ವರ್ಷ ಅಂದ್ರೆ 2032ಕ್ಕೆ ಮುಗಿಯುತ್ತೆ. ರೆಡ್ ಹ್ಯಾಟ್ 10 ಬಂದಿದ್ದು 2025ರ ಮೇ, ಅದು 2035ರವರೆಗೆ. ರೆಡ್ ಹ್ಯಾಟ್‌ಗೆ ಹೊಂದೋ ಹಾಗೆ ಮಾಡಿರೋ ಉಚಿತ ಡಿಸ್ಟ್ರೋಗಳಾದ ಆಲ್ಮಾ ಲಿನಕ್ಸ್, ರಾಕಿ ಲಿನಕ್ಸ್ ಎರಡೂ ಇದೇ ಲೆಕ್ಕ ಇಟ್ಕೊಂಡು ಹೋಗ್ತವೆ. ಆದ್ರೆ ಒಂದು ವಿಷಯ, 10 ವರ್ಷ ಅನ್ನೋದು ಮೂಲ ಸಿಸ್ಟಮ್‌ಗೆ ಮಾತ್ರ, ಆಪ್‌ಸ್ಟ್ರೀಮ್‌ನಲ್ಲಿ (ಅದರ ಹೆಚ್ಚುವರಿ ಪ್ಯಾಕೇಜ್‌ಗಳ ವಿಭಾಗ) ಸಿಗೋ ಹೊಸ ಪಿಎಚ್‌ಪಿ, ನೋಡ್‌ಜೆಎಸ್ ಥರದ್ದಕ್ಕೆಲ್ಲ ಆಯುಷ್ಯ ಅದಕ್ಕಿಂತ ತುಂಬಾ ಕಮ್ಮಿ, ಬೇರೆ ಬೇರೆ ದಿನಾಂಕ ಇರುತ್ತೆ.

ಉಬುಂಟುನಲ್ಲಿ ಎಲ್‌ಟಿಎಸ್ ಮಾತ್ರ ನೋಡಿ. ಎರಡು ವರ್ಷಕ್ಕೊಮ್ಮೆ, ಸಮ ಸಂಖ್ಯೆಯ ವರ್ಷದ ಏಪ್ರಿಲ್‌ನಲ್ಲಿ ಬರುತ್ತೆ, 5 ವರ್ಷ ಅಪ್‌ಡೇಟ್. ಮಧ್ಯೆ ಬರೋ ವರ್ಷನ್‌ಗಳು 9 ತಿಂಗಳಿಗೆ ಮುಗಿದು ಹೋಗ್ತವೆ, ಸರ್ವರ್‌ಗೆ ಬೇಡವೇ ಬೇಡ. ಇನ್ನೊಂದು ಜನ ಗಮನಿಸದೆ ಇರೋ ವಿಷಯ ಅಂದ್ರೆ ಆ 5 ವರ್ಷದ ಗ್ಯಾರಂಟಿ 'ಮೇನ್' ಅನ್ನೋ ವಿಭಾಗದ ಪ್ಯಾಕೇಜ್‌ಗಳಿಗೆ, 'ಯೂನಿವರ್ಸ್' ವಿಭಾಗದಲ್ಲಿ ಇರೋದಕ್ಕೆ ಆ ಥರ ಖಾತ್ರಿ ಅಪ್‌ಡೇಟ್ ಬೇಕು ಅಂದ್ರೆ ಉಬುಂಟು ಪ್ರೋ ಬೇಕು. ಪ್ರೋ ಹಾಕ್ಕೊಂಡ್ರೆ ಒಟ್ಟು 10 ವರ್ಷ ಆಗುತ್ತೆ, ಸ್ವಂತ ಬಳಕೆಗೆ 5 ಮಷಿನ್‌ವರೆಗೂ ಉಚಿತ.

ಡೆಬಿಯನ್ ಹತ್ರ ಹತ್ರ ಎರಡು ವರ್ಷಕ್ಕೊಂದು ಬರುತ್ತೆ. 3 ವರ್ಷ ಪೂರ್ತಿ ಸಪೋರ್ಟ್, ಆಮೇಲೆ ಇನ್ನೊಂದು ತಂಡ 2 ವರ್ಷ ಎಲ್‌ಟಿಎಸ್ ನೋಡ್ಕೊಳ್ಳುತ್ತೆ, ಒಟ್ಟು 5. ಡೆಬಿಯನ್ 12 ಬಂದಿದ್ದು 2023ರ ಜೂನ್, ಡೆಬಿಯನ್ 13 ಬಂದಿದ್ದು 2025ರ ಆಗಸ್ಟ್. ಫೆಡೋರಾ ಸುಮಾರು 13 ತಿಂಗಳು, ಅದನ್ನ ಇಲ್ಲೇ ಬಿಡಿ. ಆರ್ಚ್ ಥರದ ರೋಲಿಂಗ್ (ವರ್ಷನ್ ಅಂತಿಲ್ಲದೆ ಹೊಸದು ಬರ್ತಾನೇ ಇರೋ) ಡಿಸ್ಟ್ರೋನೂ ಇಲ್ಲೇ ಬಿಡಿ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಅನ್ನೋ ಕಂಪ್ರೆಷನ್ ಲೈಬ್ರರಿ ಒಳಗೆ ಯಾರೋ ಬೇಕಂತ್ಲೇ ಸೇರಿಸಿದ್ದ ಹಿಂಬಾಗಿಲು ಸಿಕ್ತಲ್ಲ, ಆ ಕೆಟ್ಟ 5.6.0 ಮತ್ತು 5.6.1 ವರ್ಷನ್‌ಗಳು ತಲುಪಿದ್ದು ರೋಲಿಂಗ್ ಮತ್ತು ಟೆಸ್ಟಿಂಗ್ ಶಾಖೆಗಳಿಗೆ. ಡೆಬಿಯನ್ ಸ್ಟೇಬಲ್, ಉಬುಂಟು ಎಲ್‌ಟಿಎಸ್, ರೆಡ್ ಹ್ಯಾಟ್ ಹಾಕಿದ್ದವರಿಗೆ ಅದು ಬರಲೇ ಇಲ್ಲ.

ಸೆಂಟ್‌ಓಎಸ್ (ಮೊದಲು ರೆಡ್ ಹ್ಯಾಟ್‌ನ ಉಚಿತ ನಕಲಾಗಿದ್ದ ಡಿಸ್ಟ್ರೋ) ಬಗ್ಗೆ ಒಂದು ಮಾತು, ಇನ್ನೂ ಹಳೇ ಗೈಡ್ ನೋಡ್ಕೊಂಡು ಅದನ್ನ ಹಾಕೋರು ಇದ್ದಾರೆ. ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಅಂತ ಇದ್ದಿದ್ದನ್ನ 2020ರ ಡಿಸೆಂಬರ್‌ನಲ್ಲಿ ದಿಢೀರಂತ 2021ರ ಕೊನೆಗೆ ಇಳಿಸಿದ್ರು. ಸೆಂಟ್‌ಓಎಸ್ 7 ಕೂಡ 2024ರ ಜೂನ್ 30ಕ್ಕೆ ಮುಗೀತು. ಈಗ ಇರೋದು ಸೆಂಟ್‌ಓಎಸ್ ಸ್ಟ್ರೀಮ್, ಅದು ರೆಡ್ ಹ್ಯಾಟ್‌ನ ಮುಂದಿನ ಸಣ್ಣ ವರ್ಷನ್‌ಗೆ ಹೋಗ್ಬೇಕಾದ ಬದಲಾವಣೆಗಳು ಮೊದಲು ಬಂದು ಸೇರೋ ಜಾಗ, ಹಳೇ ಸೆಂಟ್‌ಓಎಸ್ ಜಾಗಕ್ಕೆ ಹಾಕೋದಾದ್ರೆ ಆಲ್ಮಾ ಅಥವಾ ರಾಕಿ ಹಾಕಿ.

ಹಂತ 3: ಮಷಿನ್ ತಡ್ಕೊಳ್ಳುತ್ತಾ ನೋಡಿ

ಹಳೇ ಹಾರ್ಡ್‌ವೇರ್ ಮೇಲೆ ಹಾಕೋರು ಇಲ್ಲಿ ಸಿಕ್ಕಿಹಾಕ್ಕೋತಾರೆ. ರೆಡ್ ಹ್ಯಾಟ್ 9 ಮತ್ತು ಅದರ ಜೊತೆಯವು 'ಎಕ್ಸ್86-64-ವಿ2' ಮಟ್ಟದ ಸಿಪಿಯು ಕೇಳ್ತವೆ, ರೆಡ್ ಹ್ಯಾಟ್ 10 ಮತ್ತು ರಾಕಿ 10 'ವಿ3' ಕೇಳ್ತವೆ. ವಿ3 ಅಂದ್ರೆ ಎವಿಎಕ್ಸ್2 ಇರ್ಬೇಕು, ಇಂಟೆಲ್‌ನಲ್ಲಿ ಅದು 2013ರ ಹ್ಯಾಸ್ವೆಲ್‌ನಿಂದ ಶುರು, ಆದ್ರೆ ಅದೇ ಕಾಲದ ಪೆಂಟಿಯಂ, ಸೆಲೆರಾನ್ ಹೆಸರಿನವುಗಳಲ್ಲಿ ಇಲ್ಲ, ವರ್ಷ ನೋಡಿ ಲೆಕ್ಕ ಹಾಕ್ಬೇಡಿ, 'ಎಲ್‌ಎಸ್‌ಸಿಪಿಯು' ಕಮಾಂಡ್ ಕೊಟ್ಟು ಫ್ಲ್ಯಾಗ್ಸ್ ಸಾಲಿನಲ್ಲಿ ಎವಿಎಕ್ಸ್2 ಇದ್ಯಾ ನೋಡಿ. ವಿ2ಗೆ ನಿಲ್ಲೋ ಮಷಿನ್‌ಗೆ 10 ಬೇಕೇ ಬೇಕು ಅಂದ್ರೆ ಆಲ್ಮಾ 10ರಲ್ಲಿ ಬೇರೆ ವಿ2 ಆವೃತ್ತಿ ಕೊಡ್ತಾರೆ.

ಎಚ್ಚರಿಕೆ: ಸಿಪಿಯು ಹೊಸದೇ ಇದ್ರೂ ವರ್ಚುವಲ್ ಮಷಿನ್ ಬೂಟ್ ಆಗ್ತಾನೇ ಕರ್ನಲ್ ಪ್ಯಾನಿಕ್ ಅಂತ ನಿಂತು 'ಸಿಪಿಯು ಡಸ್ ನಾಟ್ ಸಪೋರ್ಟ್' ಅಂತ ಜಿಲಿಬ್‌ಸಿ (ಹೆಚ್ಚುಕಮ್ಮಿ ಎಲ್ಲಾ ಪ್ರೋಗ್ರಾಂಗೂ ಬೇಕಾದ ಮೂಲ ಲೈಬ್ರರಿ) ಎರರ್ ತೋರಿಸಿದ್ರೆ ಐಎಸ್‌ಓ ಫೈಲ್ ಕೆಟ್ಟಿದೆ ಅಂತ ಮತ್ತೆ ಮತ್ತೆ ಡೌನ್‌ಲೋಡ್ ಮಾಡ್ಬೇಡಿ. ವಿಎಂನ ಸಿಪಿಯು ಟೈಪ್ 'ಕೆವಿಎಂ64' ಅಂತ ಇರುತ್ತೆ, ಅದನ್ನ 'ಹೋಸ್ಟ್' ಮಾಡಿದ್ರೆ ಸರಿಹೋಗುತ್ತೆ.

ರ್ಯಾಮ್ 512 ಎಂಬಿ, 1 ಜಿಬಿ ಇರೋ ಚಿಕ್ಕ ವಿಪಿಎಸ್ (ಬಾಡಿಗೆಗೆ ಸಿಗೋ ವರ್ಚುವಲ್ ಸರ್ವರ್) ಆದ್ರೆ ಡೆಬಿಯನ್ ಕಡೆ ಹೋಗಿ. ರೆಡ್ ಹ್ಯಾಟ್ ಕುಟುಂಬದ ಡಿಎನ್‌ಎಫ್ (ಪ್ಯಾಕೇಜ್ ಹಾಕೋ ಟೂಲ್) ಬರೀ ರೆಪೊಸಿಟರಿ (ಪ್ಯಾಕೇಜ್‌ಗಳ ಉಗ್ರಾಣ) ಮಾಹಿತಿ ಓದೋಕೇ ಜಾಸ್ತಿ ಮೆಮೊರಿ ತಿನ್ನುತ್ತೆ, ಅರ್ಧಕ್ಕೇ 'ಕಿಲ್ಡ್' ಅಂತ ಬಂದು ನಿಲ್ಲುತ್ತೆ, ಸ್ವಾಪ್ (ಮೆಮೊರಿ ಥರ ಬಳಸೋ ಡಿಸ್ಕ್ ಜಾಗ) ಹಾಕಿ ತಳ್ಳಬೋದು ಆದ್ರೆ ಪ್ರತಿ ಅಪ್‌ಡೇಟ್‌ಗೂ ಅದೇ ಗೋಳು.

ಹಂತ 4: ಪ್ಯಾಕೇಜ್ ವರ್ಷನ್ ಹೊಂದಿಸಿ ನೋಡಿ

ಹಂತ 1ರ ಹಾಳೆ ತಗೊಳ್ಳಿ. ಡೆಬಿಯನ್ 12ರಲ್ಲಿ ಪೈಥಾನ್ 3.11, ಪಿಎಚ್‌ಪಿ 8.2, ಪೋಸ್ಟ್‌ಗ್ರೆಸ್ ಡೇಟಾಬೇಸ್ 15 ಬರುತ್ತೆ. ಉಬುಂಟು 24.04ರಲ್ಲಿ 3.12, 8.3, 16. ಡೆಬಿಯನ್ 13ರಲ್ಲಿ 3.13, 8.4, 17. ರೆಡ್ ಹ್ಯಾಟ್ 9ರಲ್ಲಿ ಸಿಸ್ಟಮ್ ಪೈಥಾನ್ 3.9, ಹೊಸದು ಬೇಕಂದ್ರೆ ಪಕ್ಕದಲ್ಲೇ ಬೇರೆ ಪ್ಯಾಕೇಜ್ ಆಗಿ ಹಾಕ್ಕೋಬೋದು. ನಿಮಗೆ ಬೇಕಾಗಿರೋದು ಡಿಸ್ಟ್ರೋದ ಸ್ವಂತ ರೆಪೊಸಿಟರಿಯಲ್ಲೇ ಸಿಗುತ್ತೆ ಅಂದ್ರೆ ಅದಕ್ಕೆ ಜಾಸ್ತಿ ಮಾರ್ಕ್ಸ್ ಕೊಡಿ. ಒಂದೋ ಎರಡೋ ಹೊರಗಿನ ರೆಪೊಸಿಟರಿ ಪರವಾಗಿಲ್ಲ, ಅದೂ ಆ ಸಾಫ್ಟ್‌ವೇರ್ ಮಾಡೋರೇ ನಡೆಸ್ತಿರೋದು. ನಾಲ್ಕೈದು ಬೇಕಾಗ್ತಿದೆ ಅಂದ್ರೆ ಡಿಸ್ಟ್ರೋ ತಪ್ಪು ಆರಿಸಿದ್ದೀರಿ ಅಂತ.

ಇಲ್ಲಿ ಮೂರು ತಪ್ಪು ಪದೇ ಪದೇ ನೋಡ್ತೀನಿ.

ಮೊದಲನೇದು, ಸಿಸ್ಟಮ್ ಪೈಥಾನನ್ನೇ ಬದಲಾಯಿಸೋದು. ಪೈಥಾನ್3 ಅನ್ನೋ ಲಿಂಕನ್ನ ಹೊಸ ವರ್ಷನ್ ಕಡೆ ತಿರುಗಿಸಿದ್ರೆ ಡಿಎನ್‌ಎಫ್ ಆಗ್ಲಿ, ಉಬುಂಟುನ ಎಷ್ಟೋ ಟೂಲ್‌ಗಳಾಗ್ಲಿ ಅಲ್ಲೇ ಮುರಿದು ಬೀಳ್ತವೆ, ಯಾಕಂದ್ರೆ ಅವು ನಿಂತಿರೋದೇ ಹಳೇ ಪೈಥಾನ್ ಮೇಲೆ. ಡೆಬಿಯನ್ 12, ಉಬುಂಟು 24.04ರಲ್ಲಿ ಪಿಪ್ (ಪೈಥಾನ್ ಲೈಬ್ರರಿ ಹಾಕೋ ಟೂಲ್) ಕೊಟ್ರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್' ಅಂತ ಬೈದು ನಿಲ್ಲಿಸೋದು ಇದೇ ಅನಾಹುತ ತಪ್ಪಿಸೋಕೆ, ಅದನ್ನ ಬಲವಂತವಾಗಿ ದಾಟ್ಬೇಡಿ, ವರ್ಚುವಲ್ ಎನ್ವಿರಾನ್ಮೆಂಟ್ (ಲೈಬ್ರರಿ ಹಾಕೋಕೆ ಸಿಸ್ಟಮ್‌ನಿಂದ ಬೇರೆಯಾದ ಪೈಥಾನ್ ಫೋಲ್ಡರ್) ಮಾಡಿ.

ಎರಡನೇದು, ಡೆಬಿಯನ್ ಸ್ಟೇಬಲ್‌ಗೆ ಟೆಸ್ಟಿಂಗ್ ಅಥವಾ ಉಬುಂಟು ರೆಪೊಸಿಟರಿ ಬೆರೆಸೋದು. ಅವತ್ತು ಕೆಲಸ ಆಗುತ್ತೆ, ಮುಂದಿನ ಅಪ್‌ಡೇಟ್‌ನಲ್ಲಿ ಜಿಲಿಬ್‌ಸಿ ಮೇಲೆ ಹೋಗಿ ಕೂತಿರುತ್ತೆ, ಅಲ್ಲಿಂದ ಕೆಳಗೆ ಇಳಿಸೋಕೆ ಆಗಲ್ಲ. ಹೊಸದು ಬೇಕೇ ಬೇಕಂದ್ರೆ ಡೆಬಿಯನ್ ಬ್ಯಾಕ್‌ಪೋರ್ಟ್ಸ್ (ಸ್ಟೇಬಲ್‌ಗೆ ಹೊಂದೋ ಹಾಗೆ ಮಾಡಿದ ಹೊಸ ಪ್ಯಾಕೇಜ್‌ಗಳು) ನೋಡಿ, ಇಲ್ಲಾಂದ್ರೆ ಕಂಟೇನರ್.

ಮೂರನೇದು ವರ್ಷನ್ ನಂಬರ್ ನೋಡಿ ಹೆದರೋದು. ಸ್ಟೇಬಲ್ ಡಿಸ್ಟ್ರೋಗಳು ಹೊಸ ವರ್ಷನ್ ತರಲ್ಲ, ಹಳೇದಕ್ಕೇ ತೇಪೆ ಹಾಕ್ತವೆ. 2024ರ ಜುಲೈನಲ್ಲಿ ಓಪನ್‌ಎಸ್‌ಎಸ್‌ಎಚ್‌ನಲ್ಲಿ ದೊಡ್ಡ ತೂತು ಸಿಕ್ಕಾಗ ಮೂಲ ತಂಡ 9.8 ಬಿಡುಗಡೆ ಮಾಡಿ ಸರಿಮಾಡ್ತು, ಡೆಬಿಯನ್ 12 ಮಾತ್ರ 9.2 ಅಂತಲೇ ಇಟ್ಕೊಂಡು ಕೊನೇಲಿ 'ಡೆಬ್12ಯು3' ಅಂತ ಸೇರಿಸಿ ಅದೇ ತೂತು ಮುಚ್ಚಿತು. ಸ್ಕ್ಯಾನರ್ ರಿಪೋರ್ಟ್ ಬರೀ 9.2 ನೋಡಿ ಕೆಂಪು ತೋರಿಸುತ್ತೆ, ಜನ ಗಾಬರಿಯಾಗಿ ಸೋರ್ಸ್‌ನಿಂದ ಕಂಪೈಲ್ ಮಾಡಿ ಹಾಕ್ತಾರೆ, ಅಲ್ಲಿಂದ ಮುಂದೆ ಆ ಎಸ್‌ಎಸ್‌ಎಚ್‌ಗೆ ಡಿಸ್ಟ್ರೋ ಕಡೆಯಿಂದ ಯಾವ ಅಪ್‌ಡೇಟೂ ಬರಲ್ಲ. ಪೂರ್ತಿ ಪ್ಯಾಕೇಜ್ ನಂಬರ್ ತಗೊಂಡು ಡಿಸ್ಟ್ರೋದ ಸೆಕ್ಯುರಿಟಿ ಟ್ರ್ಯಾಕರ್‌ನಲ್ಲಿ ನೋಡಿ.

ಆಲ್ಪೈನ್ ಬಗ್ಗೆ ತುಂಬಾ ಜನ ಕೇಳ್ತಾರೆ. ಚಿಕ್ಕದು, ಚೊಕ್ಕದು, ಕಂಟೇನರ್ ಇಮೇಜ್‌ಗೆ ಒಳ್ಳೇದು. ಆದ್ರೆ ಅದರಲ್ಲಿ ಜಿಲಿಬ್‌ಸಿ ಬದಲು ಮಸಲ್ ಇದೆ, ಬೇರೆ ಕಡೆಯಿಂದ ತಂದ ಬೈನರಿ ಓಡಿಸಿದ್ರೆ ಫೈಲ್ ಕಣ್ಣೆದುರಿಗೇ ಇದ್ರೂ 'ನೋ ಸಚ್ ಫೈಲ್' ಅನ್ನುತ್ತೆ. ಮೊದಲನೇ ಸರ್ವರ್‌ಗೆ ಹೋಸ್ಟ್ ಓಎಸ್ ಆಗಿ ಬೇಡ.

ಹಂತ 5: ನೋಡ್ಕೊಳ್ಳೋರು ಯಾರು

ರಾತ್ರಿ ಸರ್ವರ್ ಬಿದ್ರೆ ಎದ್ದು ನೋಡೋರು ಯಾರೋ ಅವರಿಗೆ ಏನು ಗೊತ್ತು ಅನ್ನೋದು ಪ್ಯಾಕೇಜ್ ವರ್ಷನ್‌ಗಿಂತ ಜಾಸ್ತಿ ತೂಕದ ವಿಷಯ. ತಂಡಕ್ಕೆ ಡೆಬಿಯನ್ ಕಡೆ ಕೈ ಪಳಗಿದ್ರೆ ಸುಮ್ನೆ ರೆಡ್ ಹ್ಯಾಟ್ ಕಡೆ ಹೋಗ್ಬೇಡಿ, ಉಲ್ಟಾನೂ ಅಷ್ಟೆ.

ಎರಡು ಕುಟುಂಬಕ್ಕೂ ಚಿಕ್ಕ ಚಿಕ್ಕ ವ್ಯತ್ಯಾಸ ಇದೆ, ಅದೇ ಕಾಲಿಗೆ ತೊಡರೋದು. ಡೆಬಿಯನ್, ಉಬುಂಟುನಲ್ಲಿ ಸರ್ವಿಸ್ ಇನ್‌ಸ್ಟಾಲ್ ಆದ ತಕ್ಷಣ ತಾನೇ ಶುರುವಾಗುತ್ತೆ, ಫೈರ್‌ವಾಲ್ ಹಾಕೋ ಮುಂಚೆನೇ ಡೇಟಾಬೇಸ್ ಎದ್ದು ಕೂತಿರುತ್ತೆ. ರೆಡ್ ಹ್ಯಾಟ್ ಕಡೆ ನೀವೇ ಎನೇಬಲ್ ಮಾಡಿ ಸ್ಟಾರ್ಟ್ ಮಾಡ್ಬೇಕು, ಮರೆತ್ರೆ ರೀಬೂಟ್ ಆದ್ಮೇಲೆ ಸೈಟ್ ಇರಲ್ಲ. ಅಪಾಚೆ ವೆಬ್ ಸರ್ವರ್ ಹೆಸರು ಡೆಬಿಯನ್ ಕಡೆ 'ಅಪಾಚೆ2', ರೆಡ್ ಹ್ಯಾಟ್ ಕಡೆ 'ಎಚ್‌ಟಿಟಿಪಿಡಿ'.

ದೊಡ್ಡ ವ್ಯತ್ಯಾಸ ಎಸ್‌ಇಲಿನಕ್ಸ್, ಅಂದ್ರೆ ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಬೋದು ಅಂತ ಲೇಬಲ್ ನೋಡಿ ತಡೆಯೋ ಭದ್ರತಾ ವ್ಯವಸ್ಥೆ. ರೆಡ್ ಹ್ಯಾಟ್ ಕುಟುಂಬದಲ್ಲಿ ಅದು ಮೊದಲಿಂದಲೇ ಆನ್ ಇರುತ್ತೆ, ಡೆಬಿಯನ್ ಉಬುಂಟುನಲ್ಲಿ ಅದರ ಬದಲು ಆಪ್‌ಆರ್ಮರ್ ಇರುತ್ತೆ, ಅದು ಅಷ್ಟು ಅಡ್ಡ ಬರಲ್ಲ. ಫೈಲ್‌ಗಳನ್ನ ಹೋಮ್ ಫೋಲ್ಡರ್‌ನಿಂದ ವೆಬ್ ಫೋಲ್ಡರ್‌ಗೆ 'ಎಂವಿ' ಮಾಡಿದ್ರೆ ಹಳೇ ಲೇಬಲ್ ಹಾಗೇ ಅಂಟ್ಕೊಂಡು ಬರುತ್ತೆ, ಪರ್ಮಿಷನ್ ಎಲ್ಲಾ ಸರಿ ಕಾಣ್ಸುತ್ತೆ ಆದ್ರೂ ಬ್ರೌಸರ್‌ನಲ್ಲಿ 403 (ಅನುಮತಿ ಇಲ್ಲ) ಎರರ್. ಮದ್ದು, ಲೇಬಲ್ ಸರಿಮಾಡೋ 'ರಿಸ್ಟೋರ್‌ಕಾನ್' ಕಮಾಂಡ್. ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ಹಿಂದೆ ಅಪ್ಲಿಕೇಶನ್ ಇಟ್ಟಿದ್ದೀರಿ, ಅಪ್ಲಿಕೇಶನ್ ಓಡ್ತಿದೆ, ಆದ್ರೂ 502 (ಹಿಂದಿನ ಅಪ್ಲಿಕೇಶನ್ ಸಿಗ್ತಿಲ್ಲ) ಎರರ್ ಬರ್ತಿದೆ ಅಂದ್ರೆ ಎಸ್‌ಇಲಿನಕ್ಸ್‌ನ 'ಎಚ್‌ಟಿಟಿಪಿಡಿ ಕ್ಯಾನ್ ನೆಟ್‌ವರ್ಕ್ ಕನೆಕ್ಟ್' ಅನ್ನೋ ಬೂಲಿಯನ್ (ಆನ್-ಆಫ್ ಸ್ವಿಚ್) ಆನ್ ಮಾಡಿಲ್ಲ. ಈ ಎರಡು ಗೊತ್ತಿದ್ರೆ ಎಸ್‌ಇಲಿನಕ್ಸ್ ಆಫ್ ಮಾಡಿ ಅನ್ನೋ ಸಲಹೆ ಮುಕ್ಕಾಲು ಪಾಲು ಬೇಕಾಗೇ ಇಲ್ಲ. ಇದನ್ನ ಕಲಿಯೋಕೆ ಟೈಮ್ ಇಲ್ಲ, ಆಫ್ ಮಾಡೇ ಮಾಡ್ತೀವಿ ಅನ್ನೋದಾದ್ರೆ ಆ ಕುಟುಂಬ ತಗೊಳ್ಳೋದೇ ಬೇಡ, ಡೆಬಿಯನ್ ಹಾಕಿ ಆಪ್‌ಆರ್ಮರ್ ಆನ್ ಇಟ್ಕೊಳ್ಳಿ, ಅದೇ ಜಾಸ್ತಿ ಭದ್ರ.

ಹಂತ 6: ಉಳಿದ ಎರಡನ್ನ ಓಡಿಸಿ ನೋಡಿ

ಇಷ್ಟೊತ್ತಿಗೆ ಎರಡು ಹೆಸರು ಉಳಿದಿರುತ್ತೆ. ನನ್ನನ್ನ ಕೇಳಿದ್ರೆ ಸಾಮಾನ್ಯ ವೆಬ್, ಮೇಲ್, ಫೈಲ್ ಸರ್ವರ್‌ಗೆ ಡೆಬಿಯನ್ ಸ್ಟೇಬಲ್. ನಿಮ್ಮ ಸಾಫ್ಟ್‌ವೇರ್‌ನ ಡಾಕ್ಯುಮೆಂಟ್ ಎಲ್ಲಾ ಉಬುಂಟು ಇಟ್ಕೊಂಡೇ ಬರೆದಿದ್ರೆ, ಅಥವಾ ಝಡ್‌ಎಫ್‌ಎಸ್ ಅನ್ನೋ ಫೈಲ್‌ಸಿಸ್ಟಮ್ ಸುಲಭವಾಗಿ ಬೇಕಂದ್ರೆ ಉಬುಂಟು ಎಲ್‌ಟಿಎಸ್. ಒಂದ್ಸಲ ಹಾಕಿ ಎಂಟ್ಹತ್ತು ವರ್ಷ ಮುಟ್ಟಲ್ಲ ಅಂದ್ರೆ, ಇಲ್ಲಾ ದುಡ್ಡಿನ ಸಾಫ್ಟ್‌ವೇರ್ ಕೇಳುತ್ತೆ ಅಂದ್ರೆ ರೆಡ್ ಹ್ಯಾಟ್ ಅಥವಾ ಆಲ್ಮಾ.

ಎರಡನ್ನೂ ವಿಎಂನಲ್ಲಿ ಮಿನಿಮಲ್ ಆಗಿ ಹಾಕಿ, ಡೆಸ್ಕ್‌ಟಾಪ್ ಬೇಡ. ಪೂರ್ತಿ ಅಪ್‌ಡೇಟ್ ಮಾಡಿ, ಆಮೇಲೆ ಅಪ್ಲಿಕೇಶನ್ ಹಾಕಿ, ನಿಜವಾದ ಬ್ಯಾಕಪ್ ರಿಸ್ಟೋರ್ ಮಾಡಿ, ರೀಬೂಟ್ ಮಾಡಿ, ಕೈ ಹಾಕದೆ ಎಲ್ಲಾ ತಾನಾಗೇ ಎದ್ದಿದ್ಯಾ ನೋಡಿ. ಹಳೇ ಕ್ಲೈಂಟ್‌ಗಳಿಂದ ಎಸ್‌ಎಸ್‌ಎಚ್ ಮಾಡಿ ನೋಡೋದು ಮರೀಬೇಡಿ, ಉಬುಂಟು 22.04ರಿಂದ ಈಚೆಗೆ ಮತ್ತು ರೆಡ್ ಹ್ಯಾಟ್ 9ರಿಂದ ಎಸ್‌ಎಚ್‌ಎ-1 (ಹಳೇ, ದುರ್ಬಲ ವಿಧಾನದ) ಸಹಿಯನ್ನ ಡೀಫಾಲ್ಟ್ ಆಗಿ ಒಪ್ಪಲ್ಲ, ಹಳೇ ಬ್ಯಾಕಪ್ ಬಾಕ್ಸೋ ಸ್ವಿಚ್ಚೋ ಕನೆಕ್ಟ್ ಆಗದೆ ನಿಂತ್ಬಿಡುತ್ತೆ.

ಆಮೇಲೆ ಯಾರೂ ಮಾಡದ ಒಂದು ಕೆಲಸ ಮಾಡಿ. ಹಿಂದಿನ ವರ್ಷನ್ ಹಾಕಿ ಅದರಿಂದ ಈಗಿನದಕ್ಕೆ ಅಪ್‌ಗ್ರೇಡ್ ಮಾಡಿ ನೋಡಿ, ಯಾಕಂದ್ರೆ ಕೆಲವು ವರ್ಷ ಬಿಟ್ಟು ನಿಮಗೆ ಇದೇ ಕೆಲಸ ಬರುತ್ತೆ. ಡೆಬಿಯನ್‌ನಲ್ಲಿ ಒಂದೊಂದೇ ಮೆಟ್ಟಿಲು, 11ರಿಂದ 13ಕ್ಕೆ ಹಾರೋ ಹಾಗಿಲ್ಲ. ಉಬುಂಟು ಎಲ್‌ಟಿಎಸ್‌ನಿಂದ ಮುಂದಿನ ಎಲ್‌ಟಿಎಸ್‌ಗೆ ಕರೆಯೋದು ಅದರ '.1' ವರ್ಷನ್ ಬಂದ ಮೇಲೆ, ಅಲ್ಲೀವರೆಗೂ ತಾಳಿ. ರೆಡ್ ಹ್ಯಾಟ್‌ನಲ್ಲಿ 'ಲೀಪ್' ಅನ್ನೋ ಟೂಲ್ ಇದೆ, ಆಲ್ಮಾದವರದ್ದು 'ಎಲಿವೇಟ್'. ರಾಕಿಯವರು 8ರಿಂದ 9ಕ್ಕೆ ಹೋಗ್ಬೇಕಂದ್ರೆ ಹೊಸದಾಗಿ ಹಾಕಿ ಅಂತಾರೆ, ಆರಿಸೋ ಮುಂಚೆ ಇದು ತಲೇಲಿರ್ಲಿ.

ಹಂತ 7: ನಿಜವಾದ ಸರ್ವರ್ ಮೇಲೆ ಮೊದಲ ದಿನ

ಡಿಸ್ಕ್ ಭಾಗ ಮಾಡುವಾಗ ಬೂಟ್‌ಗೆ 1 ಜಿಬಿ ಕೊಡಿ, ಕಮ್ಮಿ ಕೊಟ್ರೆ ಮೂರು ಕರ್ನಲ್ ಕೂತ ಮೇಲೆ ಜಾಗ ತುಂಬಿ ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತೆ. ರೆಡ್ ಹ್ಯಾಟ್ ಕಡೆ ಡೀಫಾಲ್ಟ್ ಫೈಲ್‌ಸಿಸ್ಟಮ್ ಎಕ್ಸ್‌ಎಫ್‌ಎಸ್, ಅದನ್ನ ದೊಡ್ಡದು ಮಾಡ್ಬೋದು ಚಿಕ್ಕದು ಮಾಡೋಕಾಗಲ್ಲ, ಹಾಗಾಗಿ ಎಲ್‌ವಿಎಂನಲ್ಲಿ (ಡಿಸ್ಕ್ ಭಾಗಗಳನ್ನ ಆಮೇಲೂ ಬದಲಾಯಿಸೋಕೆ ಬಿಡೋ ವ್ಯವಸ್ಥೆ) ಸ್ವಲ್ಪ ಜಾಗ ಖಾಲಿ ಬಿಟ್ಕೊಳ್ಳಿ.

ಫೈರ್‌ವಾಲ್ ಆನ್ ಮಾಡೋ ಮುಂಚೆ ಎಸ್‌ಎಸ್‌ಎಚ್ ಪೋರ್ಟ್‌ಗೆ ಅನುಮತಿ ಕೊಡಿ, ಆಮೇಲೆ ಆನ್ ಮಾಡಿ. ಇದ್ದ ಸೆಷನ್ ಮುಚ್ಚದೆ ಇನ್ನೊಂದು ಕಿಟಕಿಯಿಂದ ಲಾಗಿನ್ ಆಗುತ್ತಾ ನೋಡಿ, ಆದ್ಮೇಲೇ ಮೊದಲನೇದು ಮುಚ್ಚಿ. ಉಬುಂಟು 24.04ರಲ್ಲಿ ಎಸ್‌ಎಸ್‌ಎಚ್ ಪೋರ್ಟ್ ಬದಲಾಯಿಸಿ ಸರ್ವಿಸ್ ಮಾತ್ರ ರೀಸ್ಟಾರ್ಟ್ ಮಾಡಿದ್ರೆ ಹಳೇ ಪೋರ್ಟಲ್ಲೇ ಕೂತಿರುತ್ತೆ, ಯಾಕಂದ್ರೆ ಪೋರ್ಟ್ ಹಿಡಿದಿರೋದು ಸಿಸ್ಟಮ್‌ಡಿಯ (ಸರ್ವಿಸ್‌ಗಳನ್ನ ನಡೆಸೋ ಪ್ರೋಗ್ರಾಂ) ಸಾಕೆಟ್. ಮೊದಲು 'ಡೀಮನ್ ರೀಲೋಡ್', ಆಮೇಲೆ ಎಸ್‌ಎಸ್‌ಎಚ್ ಸಾಕೆಟ್ ರೀಸ್ಟಾರ್ಟ್.

ಸೆಕ್ಯುರಿಟಿ ಅಪ್‌ಡೇಟ್ ತಾನಾಗೇ ಆಗೋ ಹಾಗೆ ಮಾಡಿ. ಉಬುಂಟು ಸರ್ವರ್‌ನಲ್ಲಿ 'ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್' ಆನ್ ಆಗೇ ಬರುತ್ತೆ, ಡೆಬಿಯನ್‌ನಲ್ಲಿ ಇದ್ಯಾ ಅಂತ ನೋಡಿ ಹಾಕ್ಕೊಳ್ಳಿ. ರೆಡ್ ಹ್ಯಾಟ್ ಕಡೆ 'ಡಿಎನ್‌ಎಫ್ ಆಟೋಮ್ಯಾಟಿಕ್' ಹಾಕಿ, ಟೈಮರ್ ಆನ್ ಮಾಡಿ, ಅಷ್ಟಕ್ಕೇ ಬಿಟ್ರೆ ಅದು ಅಪ್‌ಡೇಟ್ ಡೌನ್‌ಲೋಡ್ ಮಾಡಿ ಸುಮ್ನಿರುತ್ತೆ, ಕಾನ್ಫಿಗ್ ಫೈಲ್‌ನಲ್ಲಿ 'ಅಪ್ಲೈ ಅಪ್‌ಡೇಟ್ಸ್' ಅನ್ನೋದನ್ನ 'ಯೆಸ್' ಮಾಡಿದ್ರೇನೇ ಹಾಕೋದು. ವರ್ಷಗಟ್ಟಲೆ ಅಪ್‌ಡೇಟ್ ಆಗ್ತಿದೆ ಅಂತ ನಂಬ್ಕೊಂಡು ಆಗದೇ ಇದ್ದ ಸರ್ವರ್‌ಗಳನ್ನ ಇದೇ ಕಾರಣಕ್ಕೆ ನೋಡಿದ್ದೀನಿ.

ಆಯ್ಕೆ ತಪ್ಪಾಗಿದೆ ಅನ್ನೋ ಲಕ್ಷಣಗಳು

ಒಂದು ತಿಂಗಳಿಂದ ಒಂದೂ ಅಪ್‌ಡೇಟ್ ಬಂದಿಲ್ಲ ಅಂದ್ರೆ ಖುಷಿ ಪಡ್ಬೇಡಿ, ಒಂದೋ ಸಪೋರ್ಟ್ ಮುಗಿದಿದೆ ಇಲ್ಲಾ ರೆಪೊಸಿಟರಿ ಕೆಟ್ಟಿದೆ. ಮಿರರ್ ಲಿಸ್ಟ್ (ಪ್ಯಾಕೇಜ್ ಇಳಿಸ್ಕೊಳ್ಳೋ ವಿಳಾಸಗಳ ಪಟ್ಟಿ) ಸಿಗ್ತಿಲ್ಲ ಅಂತ ಎರರ್ ಬಂದ್ರೂ ಅಷ್ಟೆ, ಸೆಂಟ್‌ಓಎಸ್ 7ರಲ್ಲಿ ಈಗ ಆಗೋದು ಇದೇ, ಹಳೇ ಪ್ಯಾಕೇಜ್ ಇಟ್ಟಿರೋ ಆರ್ಕೈವ್ ವಿಳಾಸ ಹಾಕಿ ಎರರ್ ಹೋಗಿಸ್ಬೋದು ಆದ್ರೆ ಅಲ್ಲಿ ಹೊಸ ಸೆಕ್ಯುರಿಟಿ ಅಪ್‌ಡೇಟ್ ಏನೂ ಇಲ್ಲ. ಅಪ್‌ಟೈಮ್ (ರೀಬೂಟ್ ಇಲ್ಲದೆ ಓಡಿದ ಕಾಲ) 400, 500 ದಿನ ತೋರಿಸ್ತಿದ್ರೆ, ಲೈವ್ ಪ್ಯಾಚಿಂಗ್ (ರೀಬೂಟ್ ಇಲ್ಲದೆ ಕರ್ನಲ್ ಸರಿಮಾಡೋದು) ಇಲ್ದೇ ಇದ್ರೆ, ಕರ್ನಲ್ ಅಷ್ಟು ದಿನದ ಹಳೇದೇ ಓಡ್ತಿದೆ ಅಂತ ಅರ್ಥ. ಯಾವುದೋ ಪ್ಯಾಕೇಜನ್ನ ಅಪ್‌ಡೇಟ್ ಆಗದ ಹಾಗೆ ಹಿಡಿದಿಟ್ಟು ಯಾಕೆ ಅಂತ ಯಾರಿಗೂ ನೆನಪಿಲ್ಲ ಅನ್ನೋದೂ ಒಂದು ಲಕ್ಷಣ.

ಇವುಗಳಲ್ಲಿ ಎರಡು ಕಂಡ್ರೂ ಓಡ್ತಿರೋ ಸರ್ವರ್ ಮೇಲೇ ರಿಪೇರಿಗೆ ಇಳೀಬೇಡಿ. ಪಕ್ಕದಲ್ಲಿ ಹೊಸ ಮಷಿನ್ ಎತ್ತಿ, ಹಂತ 1ರಿಂದ ಶುರು ಮಾಡಿ, ಡಿಎನ್‌ಎಸ್ ಟಿಟಿಎಲ್ (ಸರ್ವರ್ ವಿಳಾಸವನ್ನ ಬೇರೆಯವರು ಎಷ್ಟೊತ್ತು ನೆನಪಿಟ್ಕೋಬೇಕು ಅನ್ನೋ ಲೆಕ್ಕ) ಅನ್ನ ಎರಡು ದಿನ ಮುಂಚೆನೇ 300 ಸೆಕೆಂಡ್‌ಗೆ ಇಳಿಸಿ, ಡೇಟಾ ಒಂದ್ಸಲ ಕಾಪಿ ಮಾಡಿ ಪರೀಕ್ಷೆ ಮಾಡಿ, ಆಮೇಲೆ ಹಳೇದರಲ್ಲಿ ಬರೆಯೋದು ನಿಲ್ಲಿಸಿ ಕೊನೇ ಕಾಪಿ ತಗೊಂಡು ವಿಳಾಸ ತಿರುಗಿಸಿ. ಹಳೇ ಮಷಿನನ್ನ ಎರಡು ವಾರ ಆಫ್ ಮಾಡಿ ಇಟ್ಕೊಳ್ಳಿ, ತಕ್ಷಣ ಅಳಿಸ್ಬೇಡಿ, ವಾರಕ್ಕೊಮ್ಮೆ ಓಡೋ ಯಾವುದೋ ಕ್ರಾನ್ (ನಿಗದಿತ ಹೊತ್ತಿಗೆ ತಾನಾಗೇ ಓಡೋ) ಕೆಲಸ ಅದರಲ್ಲೇ ಉಳಿದಿರೋದು ಆಗ ಗೊತ್ತಾಗುತ್ತೆ.